ದಾದರಿನ ಪ್ಲಾಟ್‌ಫಾರ್ಮ್, ಕಂಪ್ಯೂಟರಿನ ಕೈಪಿಡಿ

ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು "ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಯಾವುದು?" ಎಂದು ಕೇಳಿದರೆ, ಬಹಳ ವರ್ಷಗಳ ಕಾಲ ಉತ್ತರಕ್ಕೆ ಬದಲು ಮರುಪ್ರಶ್ನೆಯೇ ಸಿಗುತ್ತಿತ್ತು: "ಯಾವ ಒಂದನೇ ನಂಬರ್? ವೆಸ್ಟರ್ನಿನದೋ, ಸೆಂಟ್ರಲಿನದೋ?" ಎರಡು ರೈಲ್ವೆಗಳೂ ತಮ್ಮ ತಮ್ಮ ಪ್ಲಾಟ್‌ಫಾರ್ಮುಗಳನ್ನು ಬೇರೆ ಬೇರೆಯಾಗಿ ಒಂದರಿಂದ ಎಣಿಸಿಕೊಂಡಿದ್ದವು. ಕಚೇರಿಯಲ್ಲಿ ಕುಳಿತವರಿಗೆ ಅದು ಸರಿಯಾದ ಲೆಕ್ಕವೇ. ಆದರೆ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಮಗು ಹಿಡಿದು ಬಂದ ಪ್ರಯಾಣಿಕನಿಗೆ ದಾದರ್ ಎಂದರೆ ಒಂದೇ ಸ್ಟೇಷನ್. ಯಾವ ಹಳಿ ಯಾವ ರೈಲ್ವೆಯದು ಎಂಬುದು ಅವನಿಗೇಕೆ ಬೇಕು?

2023ರ ಡಿಸೆಂಬರ್ 9ರಿಂದ ಈ ಗೊಂದಲ ನಿಂತಿತು. ವೆಸ್ಟರ್ನ್ ರೈಲ್ವೆಯ ಪ್ಲಾಟ್‌ಫಾರ್ಮುಗಳು 1ರಿಂದ 7 ಎಂದೇ ಉಳಿದವು, ಸೆಂಟ್ರಲಿನವು 8ರಿಂದ 14 ಆದವು. ಆ ದಿನ ಒಂದು ಹಳಿಯನ್ನೂ ಕೀಳಲಿಲ್ಲ, ಒಂದು ಗಾಡಿಯನ್ನೂ ಹೊಸದಾಗಿ ಬಿಡಲಿಲ್ಲ. ಬದಲಾದದ್ದು ಬರಿಯ ಹಲಗೆ. ಆದರೂ ದಾರಿ ತಪ್ಪುವವರಿಗೆ ಅದರಿಂದ ಎಷ್ಟು ಉಪಕಾರವಾಯಿತೆಂದು ದಿನವೂ ಅಲ್ಲಿ ಗಾಡಿ ಬದಲಿಸುವ ನಮಗೆ ಗೊತ್ತು.

ಇದನ್ನೇಕೆ ನೆನಪಿಸುತ್ತಿದ್ದೇನೆಂದರೆ, ಕಂಪ್ಯೂಟರ್ ಜಗತ್ತಿನಲ್ಲಿಯೂ ಇಂಥದೇ ಒಂದು ಕೆಲಸವಿದೆ. ಅದಕ್ಕೆ ಹೆಸರಿಲ್ಲ, ಮೆರವಣಿಗೆಯಿಲ್ಲ. ಆದರೆ ನಮ್ಮ ಸಂಘದ ಎಷ್ಟೋ ಹುಡುಗ ಹುಡುಗಿಯರ ಅನ್ನದ ದಾರಿ ಅದನ್ನು ಅವಲಂಬಿಸಿದೆ. ತಂತ್ರಾಂಶದ ಕೈಪಿಡಿಯನ್ನು ಓದುವವರಿಗೆ ಅನುಕೂಲವಾಗುವಂತೆ ಮತ್ತೆ ಜೋಡಿಸುವ ಕೆಲಸ ಅದು.

ಎದುರು ಮನೆಯ ಹುಡುಗಿ

ಡೊಂಬಿವಲಿಯಲ್ಲಿ ನಮ್ಮ ಎದುರು ಮನೆಯಲ್ಲಿ ಕುಂದಾಪುರ ಕಡೆಯ ಕುಟುಂಬವೊಂದಿದೆ. ಮನೆಯ ಯಜಮಾನರು ಚಿಕ್ಕಂದಿನಲ್ಲಿ ಊರು ಬಿಟ್ಟು ಬಂದು, ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಮಗಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡ ಸರಾಗವಾಗಿ ಮಾತನಾಡುತ್ತಾಳೆ. ಓದುವಾಗ ಮಾತ್ರ ಒತ್ತಕ್ಷರ ಬಂದಲ್ಲಿ ತುಸು ನಿಲ್ಲುತ್ತಾಳೆ. ಕಳೆದ ವರ್ಷ ಎಂಜಿನಿಯರಿಂಗ್ ಮುಗಿಸಿ ಒಂದು ಸಣ್ಣ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದಳು. ಆರು ತಿಂಗಳ ಪ್ರೊಬೇಷನ್. ಮೊದಲ ವಾರವೇ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಡೇಟಾ ಪೈಪ್‌ಲೈನ್ ಲೈಬ್ರರಿಯ ಹೆಸರು ಹೇಳಿ, "ಕೈಪಿಡಿ ಇದೆ, ಓದಿಕೋ" ಎಂದು ತಮ್ಮ ಕೆಲಸಕ್ಕೆ ಹೋದರಂತೆ.

ಎರಡು ವಾರದ ಮೇಲೆ ಒಂದು ರಾತ್ರಿ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಅಂಕಲ್, ನನ್ನಿಂದ ಈ ಕೆಲಸ ಆಗುದಿಲ್ಲ ಕಾಣ್ತದೆ. ಅಪ್ಪನಿಗೆ ಹೇಗೆ ಹೇಳುದು?" ಎಂದಳು. ಅವಳ ಧ್ವನಿಯಲ್ಲಿ ಅಳುವಿತ್ತು. ನಾನು ಮೂವತ್ತು ವರ್ಷಗಳಿಂದ ಇದೇ ಕಸುಬಿನಲ್ಲಿರುವವನು. "ಎಲ್ಲಿ ತೋರಿಸು" ಎಂದು ಅವಳ ಪಕ್ಕ ಕುಳಿತು ಆ ಕೈಪಿಡಿಯನ್ನು ಮೊದಲ ಪುಟದಿಂದ ಓದತೊಡಗಿದೆ. ಅರ್ಧ ಗಂಟೆಯಲ್ಲಿ ನಾನೂ ಸಿಕ್ಕಿಬಿದ್ದೆ. ದೋಷ ಹುಡುಗಿಯ ಬುದ್ಧಿಯಲ್ಲಿರಲಿಲ್ಲ, ಪುಟಗಳ ಜೋಡಣೆಯಲ್ಲಿತ್ತು.

ಏಳು ಕೆರೆಯ ನೀರು, ಏಳೂರಿನ ಲೆಕ್ಕ

ಡೇಟಾ ಪೈಪ್‌ಲೈನ್ ಎಂದರೇನು ಎಂದು ಕಂಪ್ಯೂಟರ್ ಓದದವರೂ ತಿಳಿಯಬಹುದು. ಮುಂಬಯಿ ನಗರಕ್ಕೆ ನೀರು ಬರುವುದು ತುಳಸಿ, ವಿಹಾರ, ತಾನ್ಸಾ, ಮೋಡಕ್ ಸಾಗರ, ಮಧ್ಯ ವೈತರಣಾ, ಮೇಲಣ ವೈತರಣಾ, ಭಾತ್ಸಾ ಎಂಬ ಏಳು ಜಲಾಶಯಗಳಿಂದ. ಅದರ ಬಹುಪಾಲು ದೊಡ್ಡ ಕೊಳವೆಗಳಲ್ಲಿ ಹರಿದು ಭಾಂಡೂಪಿಗೆ ಬಂದು, ಅಲ್ಲಿ ಶುದ್ಧವಾಗಿ, ಬಡಾವಣೆಗಳ ತೊಟ್ಟಿ ಸೇರಿ, ಕೊನೆಗೆ ನಲ್ಲಿಗೆ ಇಳಿಯುತ್ತದೆ. ಮಾಹಿತಿಯದೂ ಇದೇ ಕಥೆ. ಅಂಗಡಿಯ ಬಿಲ್ಲು, ಬ್ಯಾಂಕಿನ ಜಮಾ ಖರ್ಚು, ಆಸ್ಪತ್ರೆಯ ದಾಖಲೆ, ಎಲ್ಲವೂ ಬೇರೆ ಬೇರೆ ಕಡೆಯಿಂದ ಕೊಳೆಯ ಸಮೇತ ಬರುತ್ತವೆ. ಒಂದೇ ಗಿರಾಕಿಯ ಹೆಸರು ಮೂರು ರೀತಿಯಲ್ಲಿ ಬರೆದಿರುತ್ತದೆ. ತಾರೀಕಿನ ಜಾಗದಲ್ಲಿ ಹಣ, ಹಣದ ಜಾಗದಲ್ಲಿ ಖಾಲಿ. ಅದನ್ನೆಲ್ಲ ಸೋಸಿ, ಹೊಂದಿಸಿ, ಲೆಕ್ಕ ಹಾಕಿ, ಬೇಕಾದವರ ಮೇಜಿಗೆ ಮುಟ್ಟಿಸುವ ಸಾಲು ಕೆಲಸವೇ ಪೈಪ್‌ಲೈನ್.

ಪ್ರತಿಯೊಬ್ಬರೂ ಈ ಕೊಳವೆಗಳನ್ನು ಹೊಸದಾಗಿ ಎರಕ ಹೊಯ್ಯುವುದು ಬೇಡವೆಂದು ಸಿದ್ಧ ಸಾಮಗ್ರಿಯ ಗಂಟುಗಳಿವೆ. ಅವೇ ಲೈಬ್ರರಿಗಳು. ಅವುಗಳಲ್ಲಿ ಹಲವು ಓಪನ್ ಸೋರ್ಸ್: ಯಾರೂ ಹಣ ಕೊಡದೆ ಬಳಸಬಹುದು, ಒಳಗಿನ ಬರವಣಿಗೆಯನ್ನು ತೆರೆದು ನೋಡಬಹುದು, ತಿದ್ದಲೂಬಹುದು. ಏರ್‌ಬಿಎನ್‌ಬಿ ಕಂಪೆನಿಯಲ್ಲಿ 2014ರಲ್ಲಿ ಹುಟ್ಟಿದ ಏರ್‌ಫ್ಲೋ ಈ ಬಳಗದ ದೊಡ್ಡ ಹೆಸರು. ಅದು ಈಗ ಅಪಾಚೆ ಪ್ರತಿಷ್ಠಾನದ ಯೋಜನೆ. ಕ್ವಾಂಟಂಬ್ಲ್ಯಾಕ್ ಎಂಬ ಸಂಸ್ಥೆ 2019ರಲ್ಲಿ ಎಲ್ಲರಿಗೂ ತೆರೆದಿಟ್ಟ ಕೆಡ್ರೋ ಇನ್ನೊಂದು. 2022ರಲ್ಲಿ ಅದು ಲಿನಕ್ಸ್ ಪ್ರತಿಷ್ಠಾನದ ಆಶ್ರಯಕ್ಕೆ ಬಂತು. ಕೆಡ್ರೋದಲ್ಲಿ ಪ್ರತಿ ಹಂತಕ್ಕೂ ನೋಡ್ ಎಂದು ಹೆಸರು. ಯಾವ ಕಡತ ಎಲ್ಲಿದೆ ಎಂಬ ಪಟ್ಟಿಗೆ ಕ್ಯಾಟಲಾಗ್ ಎಂದು ಹೆಸರು. ಒಂದು ನೋಡಿಗೆ ಏನು ಬೇಕು, ಅದರಿಂದ ಏನು ಹೊರಡುತ್ತದೆ ಎಂದು ಬರೆದರೆ ಸಾಕು. ಯಾವುದರ ನಂತರ ಯಾವುದು ಎಂಬುದನ್ನು ಲೈಬ್ರರಿಯೇ ಗೊತ್ತುಮಾಡಿಕೊಳ್ಳುತ್ತದೆ.

ಮನೆ ಕಟ್ಟಿದವರ ಕಣ್ಣು, ನೆಂಟರ ಕಣ್ಣು

ನಮ್ಮ ಹುಡುಗಿಗೆ ಸಿಕ್ಕಿದ್ದು ಇವೆರಡೂ ಅಲ್ಲ, ಬೇರೊಂದು ಲೈಬ್ರರಿ. ಅದರ ಹೆಸರು ಇಲ್ಲಿ ಬೇಡ. ಕೈಪಿಡಿಯಲ್ಲಿ ಪುಟಗಳಿಗೇನೂ ಬರವಿರಲಿಲ್ಲ. 'ಬೇಗನೆ ಆರಂಭಿಸಿ' ಎಂಬ ಮೊದಲ ಪುಟದ ಮೂರನೆಯ ಹೆಜ್ಜೆಯಲ್ಲೇ "ನಿಮ್ಮ ಸಂರಚನಾ ಕಡತ ಸಿದ್ಧವಿದ್ದರೆ ಮುಂದುವರಿಯಿರಿ" ಎಂದಿತ್ತು. ಆ ಕಡತ ಸಿದ್ಧಪಡಿಸುವ ಕ್ರಮ ಇದ್ದದ್ದು 'ಮುಂದುವರಿದವರಿಗೆ' ಎಂಬ ವಿಭಾಗದ ಕೊನೆಯಲ್ಲಿ! ನಡುವೆ ಈ ಲೈಬ್ರರಿಯನ್ನು ಹೀಗೇಕೆ ಕಟ್ಟಿದೆವು ಎಂಬ ದೀರ್ಘ ಉಪನ್ಯಾಸ; ಅದರ ಬೆನ್ನಿಗೆ ಇಪ್ಪತ್ತು ಗುಂಡಿಗಳ ಪಟ್ಟಿ. ಅಧ್ಯಾಯಗಳ ಹೆಸರುಗಳೋ, ಒಳಗಿನ ಪ್ರೋಗ್ರಾಮಿನ ತುಂಡುಗಳಿಗೆ ಕಟ್ಟಿದವರು ಇಟ್ಟುಕೊಂಡ ಹೆಸರುಗಳೇ. ಹಳೆಯ ದಾದರಿನಂತೆ ಇಲ್ಲಿಯೂ ಎಣಿಕೆ ಒಡೆಯರ ಪ್ರಕಾರ ನಡೆದಿತ್ತು, ಪ್ರಯಾಣಿಕರ ಪ್ರಕಾರವಲ್ಲ.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಮನೆ ಕಟ್ಟಿದವರಿಗೆ ಕೋಣೆಗಳ ಲೆಕ್ಕ ಬಾಯಿಪಾಠ. ಹೊಸ ಕೋಣೆ ಕಟ್ಟಿದಾಗಲೆಲ್ಲ ಅದರ ಬಾಗಿಲಿಗೆ ಒಂದು ಚೀಟಿ ಅಂಟಿಸುತ್ತ ಹೋಗುತ್ತಾರೆ. ಐದಾರು ವರ್ಷಗಳಲ್ಲಿ ಚೀಟಿಗಳು ನೂರಾಗುತ್ತವೆ. ಹೊರಗಿನಿಂದ ಬಂದ ನೆಂಟರು ಮಾತ್ರ ಬಚ್ಚಲು ಯಾವ ಕಡೆ ಎಂದು ತಿಳಿಯದೆ ಹಜಾರದಲ್ಲೇ ನಿಂತಿರುತ್ತಾರೆ.

ಇದು ಒಂದು ಲೈಬ್ರರಿಯ ಕಥೆಯಲ್ಲ. ಗಿಟ್‌ಹಬ್ ಸಂಸ್ಥೆ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇಕಡಾ 93 ಮಂದಿ ಅರೆಬರೆಯಾದ ಅಥವಾ ಹಳತಾದ ಕೈಪಿಡಿಯ ತೊಂದರೆಯನ್ನು ಕಂಡವರಾಗಿದ್ದರು. ಆದರೆ ಯೋಜನೆಗಳಿಗೆ ದುಡಿಯುವವರಲ್ಲಿ ಶೇಕಡಾ 60 ಮಂದಿ ತಾವು ಕೈಪಿಡಿಗಾಗಿ ಕೆಲಸ ಮಾಡುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದರು. ಎಲ್ಲರಿಗೂ ಊಟ ಬೇಕು, ಎಲೆ ಎತ್ತುವವರು ಯಾರೂ ಇಲ್ಲ!

ನಾಲ್ಕು ಬಗೆಯ ಪುಟಗಳು

ಈ ಗೋಜಲನ್ನು ಬಿಡಿಸುವ ಒಂದು ಕ್ರಮವನ್ನು ಡೇನಿಯೆಲೆ ಪ್ರೊಚೀಡಾ ಎಂಬವರು ರೂಪಿಸಿದ್ದಾರೆ. ಅದರ ಹೆಸರು ಡಯಾಟಾಕ್ಸಿಸ್. ಅವರು ಕೇಳುವ ಪ್ರಶ್ನೆಗಳು ಎರಡೇ. ಓದುವವನಿಗೆ ಈಗ ಬೇಕಾದದ್ದು ಕೈಯ ಕೆಲಸವೋ, ತಲೆಯ ತಿಳಿವಳಿಕೆಯೋ? ಅವನು ಕಲಿಯುವ ಹೊತ್ತಿನಲ್ಲಿದ್ದಾನೋ, ದುಡಿಯುವ ಹೊತ್ತಿನಲ್ಲೋ? ಈ ಎರಡು ಪ್ರಶ್ನೆಗಳಿಂದ ನಾಲ್ಕು ಬಗೆಯ ಪುಟಗಳು ಹುಟ್ಟುತ್ತವೆ. ಮುಂಬಯಿಗೆ ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬನನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಇವು ಸುಲಭವಾಗಿ ಅರ್ಥವಾಗುತ್ತವೆ.

ಮೊದಲನೆಯದು ಪಾಠ. ಮೊದಲ ದಿನ ನೀವು ಅವನನ್ನು ಜೊತೆಗೆ ಕರೆದುಕೊಂಡು ಲೋಕಲ್ ಹತ್ತಿಸುತ್ತೀರಿ. ಜನಸಂದಣಿಯ ಹೊತ್ತು ತಪ್ಪಿಸಿ ಮಧ್ಯಾಹ್ನ ಹೊರಡುತ್ತೀರಿ. ಇಲ್ಲಿ ನಿಲ್ಲು, ಈಗ ಹತ್ತು, ಈ ಬದಿಗೆ ಇಳಿ. ರೈಲ್ವೆಯ ಇತಿಹಾಸವನ್ನು ಆಗ ಹೇಳುವುದಿಲ್ಲ. ಅವನು ಕ್ಷೇಮವಾಗಿ ಹೋಗಿ ಬಂದು "ಓಹೋ, ನನಗೂ ಆಗುತ್ತದೆ" ಎಂದರೆ ಪಾಠ ಗೆದ್ದಿತು.

ಎರಡನೆಯದು ಮಾರ್ಗದರ್ಶಿ. ಅವನಿಗೆ ಈಗ ಓಡಾಟ ಗೊತ್ತು, ಆದರೆ ಒಂದು ನಿರ್ದಿಷ್ಟ ಕೆಲಸವಿದೆ. ಡೊಂಬಿವಲಿಯಿಂದ ಅಂಧೇರಿಗೆ ದಾದರಿನ ನೂಕುನುಗ್ಗಲು ತಪ್ಪಿಸಿ ಹೋಗಬೇಕು. ಉತ್ತರ ಎರಡು ಸಾಲು: ಘಾಟ್‌ಕೋಪರಿನಲ್ಲಿ ಇಳಿ, ಮೆಟ್ರೋ ಹತ್ತು. ರೈಲು ಹತ್ತುವುದು ಹೇಗೆಂದು ಇಲ್ಲಿ ಮತ್ತೆ ಹೇಳಿದರೆ ಅವನಿಗೆ ಬೇಸರ.

ಮೂರನೆಯದು ಪರಾಮರ್ಶನ. ಇದು ಟೈಮ್‌ಟೇಬಲ್. ಉಪದೇಶ ಬೇಡ, ಕಥೆ ಬೇಡ. ಅಂಕಿ ತಪ್ಪಿರಬಾರದು, ಒಂದು ಗಾಡಿಯೂ ಬಿಟ್ಟುಹೋಗಬಾರದು, ಹುಡುಕಿದ್ದು ಕ್ಷಣದಲ್ಲಿ ಸಿಗಬೇಕು. ಯಾರೂ ಇದನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ.

ನಾಲ್ಕನೆಯದು ವಿವರಣೆ. ಒಂದು ಭಾನುವಾರ ಚಹಾ ಕುಡಿಯುತ್ತ ಅವನೇ ಕೇಳುತ್ತಾನೆ: ದಾದರಿನಲ್ಲಿ ಎರಡೆರಡು ಸ್ಟೇಷನ್ ಏಕೆ? ಆಗ ಹೇಳಬಹುದು: ಈ ಮಾರ್ಗಗಳನ್ನು ಹಾಕಿದ್ದು ಬೇರೆ ಬೇರೆ ಎರಡು ಕಂಪೆನಿಗಳು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ ಮೊದಲ ಗಾಡಿ ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೇ ಮುಂದೆ ಸೆಂಟ್ರಲ್ ಆಯಿತು. ಬಾಂಬೆ ಬರೋಡಾ ಕಂಪೆನಿಯ ಮಾರ್ಗ ವೆಸ್ಟರ್ನ್ ಆಯಿತು. ಇದನ್ನು ತಿಳಿದರೆ ಗಾಡಿ ಬೇಗ ಸಿಗುವುದಿಲ್ಲ. ಆದರೆ ಊರು ನಮ್ಮದೆನಿಸುತ್ತದೆ.

ನಾಲ್ಕೂ ಬೇಕು. ಕೆಟ್ಟ ಕೈಪಿಡಿಯಲ್ಲಿಯೂ ನಾಲ್ಕೂ ಇರುತ್ತವೆ, ಒಂದೇ ಪುಟದಲ್ಲಿ ಕಲಸಿರುತ್ತವೆ. ಮೊದಲ ದಿನವೇ ಹುಡುಗನ ಕೈಗೆ ಟೈಮ್‌ಟೇಬಲ್ ಕೊಟ್ಟು, 1853ರ ಕಥೆ ಹೇಳುತ್ತ, ಓಡುವ ಗಾಡಿಗೆ ನೂಕಿದರೆ ಹೇಗಿರುತ್ತದೆ? ನಮ್ಮ ಹುಡುಗಿಗೆ ಆದದ್ದು ಅದೇ. ನಮ್ಮ ಕನ್ನಡ ತರಗತಿಗಳಲ್ಲಿಯೂ ಮಕ್ಕಳಿಗೆ ಮೊದಲ ದಿನ ಕಿಟ್ಟೆಲರ ನಿಘಂಟು ಕೊಡುವುದಿಲ್ಲವಷ್ಟೇ. 1894ರಲ್ಲಿ ಅಚ್ಚಾದ ಆ ಗ್ರಂಥ ಅಮೂಲ್ಯವಾದದ್ದು, ಆದರೆ ಅದು ಬಾಲಬೋಧೆಯಲ್ಲ.

ಒಳ್ಳೆಯ ಪಾಠಕ್ಕೆ ಉದಾಹರಣೆ ಬೇಕಿದ್ದರೆ ಕೆಡ್ರೋ ಕೈಪಿಡಿಯನ್ನು ನೋಡಬಹುದು. ಅದರ ಪಾಠ ಶುರುವಾಗುವುದು ಒಂದು ಕಲ್ಪನೆಯಿಂದ: ಇಸವಿ 2160, ಪ್ರವಾಸಿಗರು ಚಂದ್ರನಿಗೆ ಹೋಗಿ ಬರುತ್ತಿದ್ದಾರೆ. ಕಂಪೆನಿಗಳದು, ಗಿರಾಕಿಗಳ ಅಭಿಪ್ರಾಯದ್ದು, ಗಗನನೌಕೆಗಳದು ಎಂದು ಮೂರೇ ಕಡತಗಳು. ಅವನ್ನು ಸೋಸಿ, ಜೋಡಿಸಿ, ಕೊನೆಗೆ ಟಿಕೇಟಿನ ದರ ಅಂದಾಜು ಮಾಡುವುದು. ಸಾಮಗ್ರಿ ಸಣ್ಣದು, ಹೆಜ್ಜೆಗಳು ಗೊತ್ತಾದವು, ತುದಿಯಲ್ಲಿ ಕಣ್ಣಿಗೆ ಕಾಣುವ ಫಲವಿದೆ. ದೊಡ್ಡ ಹಳೆಯ ಯೋಜನೆಗಳೂ ಈ ದಾರಿ ಹಿಡಿದಿವೆ. ಅಂಕಿಗಳ ಲೆಕ್ಕಕ್ಕೆ ಜಗತ್ತೆಲ್ಲ ಬಳಸುವ ನಮ್‌ಪೈ ತನ್ನ ಕೈಪಿಡಿಯನ್ನು ಈ ನಾಲ್ಕು ಬಗೆಗಳಿಗೆ ಅನುಸಾರವಾಗಿ ಮತ್ತೆ ಜೋಡಿಸುವ ಯೋಜನೆಯನ್ನು 2020ರಲ್ಲಿ ಮುಂದಿಟ್ಟಿತು.

ನಾವು ಮಾಡಿದ್ದು

"ಈ ಕೈಪಿಡಿಯನ್ನು ನಾವೇ ಏಕೆ ಸರಿಮಾಡಬಾರದು?" ಎಂದು ನಾನು ಕೇಳಿದಾಗ ಹುಡುಗಿ ನಕ್ಕಳು. "ನನಗೇ ಅರ್ಥವಾಗಿಲ್ಲ, ನಾನು ಬರೆಯುದಾ?" ಅರ್ಥವಾಗದವಳೇ ಇದಕ್ಕೆ ಯೋಗ್ಯಳು ಎಂದೆ. ಎಲ್ಲಿ ಎಡವಿದೆ ಎಂಬ ನೆನಪು ಹಸಿಯಾಗಿರುವುದು ಅವಳಲ್ಲಿ ಮಾತ್ರ. ಆರು ತಿಂಗಳಾದರೆ ಅವಳೂ ಕೋಣೆಗಳ ಲೆಕ್ಕ ಬಾಯಿಪಾಠ ಮಾಡಿಕೊಂಡಿರುತ್ತಾಳೆ, ಆಗ ಆ ಕಲ್ಲು ಕಣ್ಣಿಗೆ ಬೀಳುವುದಿಲ್ಲ.

ಶನಿವಾರ ಭಾನುವಾರಗಳಲ್ಲಿ ಕುಳಿತೆವು. ಮೊದಲು ಒಂದು ಪಟ್ಟಿ ಮಾಡಿದೆವು: ಪುಟದ ಹೆಸರು, ಯಾರು ಓದುತ್ತಾರೆ, ಯಾವಾಗ ಓದುತ್ತಾರೆ, ನಾಲ್ಕರಲ್ಲಿ ಯಾವ ಬಗೆ. ಹೆಚ್ಚಿನ ಪುಟಗಳಿಗೆ ಎರಡು ಮೂರು ಬಗೆಯ ಗುರುತು ಬಿತ್ತು. ಅಂಥವನ್ನು ಬಿಡಿಸಬೇಕು.

ಎರಡನೆಯ ನಿಯಮ, ಖಾಲಿ ಡಬ್ಬಿ ಇಡಬಾರದು. ನಾಲ್ಕು ದೊಡ್ಡ ತಲೆಬರಹ ಬರೆದು ಒಳಗೆ ಏನೂ ಇಲ್ಲದೆ ಬಿಟ್ಟರೆ ಓದುವವರಿಗೆ ಮೋಸ. ಪ್ರೊಚೀಡಾ ಅವರೂ ಇದನ್ನು ಬೇಡವೆನ್ನುತ್ತಾರೆ. ಒಂದು ಪುಟ ತೆಗೆದುಕೊಂಡು, ಅದನ್ನು ಇಂದಿಗಿಂತ ತುಸು ಚೆನ್ನಾಗಿ ಮಾಡಿ, ಮುಂದಿನದಕ್ಕೆ ಹೋಗಬೇಕು.

ಮೂರನೆಯದು, ಸಾಗಿಸುವುದನ್ನೂ ತಿದ್ದುವುದನ್ನೂ ಒಟ್ಟಿಗೆ ಮಾಡಬಾರದು. ಮೊದಲು ಇದ್ದದ್ದನ್ನು ಇದ್ದಂತೆಯೇ ಹೊಸ ಜಾಗಕ್ಕೆ ಒಯ್ಯುವುದು, ಆಮೇಲೆ ಮಾತು ತಿದ್ದುವುದು. ಎರಡೂ ಕೂಡಿದರೆ ಪರಿಶೀಲಿಸುವವರಿಗೆ ಏನು ಬದಲಾಯಿತೆಂದೇ ತಿಳಿಯುವುದಿಲ್ಲ.

ನಾಲ್ಕನೆಯದು, ಹಳೆಯ ವಿಳಾಸವನ್ನು ಸಾಯಿಸಬಾರದು. ಎಷ್ಟೋ ಮಂದಿ ತಮ್ಮ ಟಿಪ್ಪಣಿಗಳಲ್ಲಿ ಆ ಪುಟದ ವಿಳಾಸ ಬರೆದಿಟ್ಟಿರುತ್ತಾರೆ. ಮನೆ ಬದಲಿಸಿದಾಗ ಅಂಚೆಯವರಿಗೆ ಹೊಸ ವಿಳಾಸ ತಿಳಿಸುವಂತೆ, ಹಳೆಯ ಪುಟಕ್ಕೆ ಬಂದವರು ತಾನಾಗಿ ಹೊಸದಕ್ಕೆ ಹೋಗುವ ಏರ್ಪಾಡು ಬೇಕು.

ಐದನೆಯದು, ಯಂತ್ರ ಮಾಡಬಲ್ಲದ್ದನ್ನು ಯಂತ್ರಕ್ಕೆ ಬಿಡಬೇಕು. ಪೈಥಾನ್ ಭಾಷೆಯ ಪ್ರಪಂಚದಲ್ಲಿ 2008ರಿಂದ ಸ್ಫಿಂಕ್ಸ್ ಎಂಬ ಸಾಧನವಿದೆ. ಪ್ರೋಗ್ರಾಮಿನ ಒಳಗೇ ಬರೆದಿಟ್ಟ ಟಿಪ್ಪಣಿಗಳನ್ನು ಹೆಕ್ಕಿ ಅದು ಪರಾಮರ್ಶನದ ಪುಟ ಕಟ್ಟಿಕೊಡುತ್ತದೆ. ಡಾಕ್‌ಟೆಸ್ಟ್ ಎಂಬುದು ಕೈಪಿಡಿಯ ಉದಾಹರಣೆಗಳನ್ನು ನಿಜವಾಗಿ ಓಡಿಸಿ, ಬರೆದ ಉತ್ತರವೇ ಬರುತ್ತದೆಯೋ ಎಂದು ನೋಡುತ್ತದೆ. ಓಡದ ಉದಾಹರಣೆ ರದ್ದಾದ ಗಾಡಿಯ ಟೈಮ್‌ಟೇಬಲ್ ಇದ್ದಂತೆ.

ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಬರೆದ ಪಾಠವನ್ನು ಹೊಸಬರೊಬ್ಬರ ಮುಂದಿಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಅವಳು ತನ್ನ ಕಾಲೇಜಿನ ಗೆಳತಿಯನ್ನು ಕರೆತಂದಳು. ಗೆಳತಿ ನಾಲ್ಕನೆಯ ಸಾಲಿನಲ್ಲಿ ನಿಂತಾಗ ನಮ್ಮ ಹುಡುಗಿ "ಅದು ಹಾಗಲ್ಲ ಮಾರಾಯ್ತಿ..." ಎಂದು ಬಾಯಿ ತೆರೆದಳು. ನಾನು ಸನ್ನೆ ಮಾಡಿ ತಡೆದೆ. ದೂರದ ಊರಿನಲ್ಲಿ ಓದುವವರ ಪಕ್ಕದಲ್ಲಿ ನಾವು ಇರುವುದಿಲ್ಲವಲ್ಲ! ಆ ನಾಲ್ಕನೆಯ ಸಾಲನ್ನು ಅಂದು ರಾತ್ರಿಯೇ ಅವಳು ಮೂರು ಬಾರಿ ತಿದ್ದಿದಳು.

ಎಲ್ಲ ಪುಟಗಳೂ ಸರಿಯಾದವೆಂದು ಹೇಳಲಾರೆ. ಲೈಬ್ರರಿ ನಡೆಸುವವರು ನಮ್ಮ ಕೆಲವು ಸಲಹೆಗಳನ್ನು ಬೇಡವೆಂದರು. ಎರಡು ಕಡೆ ನಾವೇ ತಪ್ಪು ತಿಳಿದಿದ್ದೆವು, ಅವರು ತಾಳ್ಮೆಯಿಂದ ತಿದ್ದಿದರು. ಆದರೆ ಹೊಸಬರ ಪಾಠ ಅವಳದೇ ಉಳಿಯಿತು. ಪ್ರೊಬೇಷನ್ ಕಾಲದಲ್ಲಿ ಕಂಪೆನಿಗೆ ಬಂದ ಇನ್ನೊಬ್ಬ ಹುಡುಗನಿಗೂ ಅದೇ ಹಿರಿಯರು "ಕೈಪಿಡಿ ಇದೆ, ಓದಿಕೋ" ಎಂದರಂತೆ. ಅವನು ಎರಡನೆಯ ದಿನ ಕೆಲಸ ಶುರುಮಾಡಿದ. ಆ ಪುಟ ಬರೆದವಳು ಪಕ್ಕದ ಕುರ್ಚಿಯಲ್ಲೇ ಇದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಎಳೆಯ ಗೆಳೆಯರಿಗೆ ಒಂದು ಮಾತು

ಓಪನ್ ಸೋರ್ಸ್ ಎಂದರೆ ಮಹಾ ಬುದ್ಧಿವಂತರ ಕೂಟ, ನಮಗೆ ಅಲ್ಲಿ ಜಾಗವಿಲ್ಲ ಎಂಬ ಅಳುಕು ನಿಮ್ಮಲ್ಲಿ ಹಲವರಿಗಿದೆ. ಅಲ್ಲಿಗೆ ಹೋಗಲು ಕೈಪಿಡಿ ಒಂದು ತೆರೆದ ಬಾಗಿಲು. ನಿಮಗೆ ಇನ್ನೊಂದು ಬಲವೂ ಇದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಮೆಟ್ಟಿಲ ಮೇಲೆ ಮರಾಠಿ, ಗಾಡಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವ ಕೆಲಸವನ್ನು ನೀವು ಚಿಕ್ಕಂದಿನಿಂದ ಮಾಡುತ್ತ ಬಂದಿದ್ದೀರಿ. ಊರಿನಿಂದ ಬಂದ ಅಜ್ಜಿಗೆ ಡಾಕ್ಟರರ ಮಾತನ್ನು ವಿವರಿಸಿದವರು ನೀವೇ ಅಲ್ಲವೇ? ಅದೇ 2017ರ ಸಮೀಕ್ಷೆಯಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ತಮಗೆ ಇಂಗ್ಲಿಷ್ ಓದು ಬರಹ ಅಷ್ಟು ಚೆನ್ನಾಗಿ ಬಾರದು ಎಂದಿದ್ದರು. ಅವರಿಗಾಗಿ ಸಣ್ಣ ವಾಕ್ಯ, ಸರಳ ಮಾತು, ಸರಿಯಾದ ಕ್ರಮದಲ್ಲಿ ಬರೆಯಬಲ್ಲವರು ಬೇಕಾಗಿದ್ದಾರೆ.

ನಮ್ಮ ಹಿರಿಯರು ಈ ನಗರಕ್ಕೆ ಬಂದಾಗ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ ಊರಿನವರೊಬ್ಬರು ಇರುತ್ತಿದ್ದರು. ಅವರು ಕೈಹಿಡಿದು ಹೊಟೇಲಿಗೆ ಸೇರಿಸುತ್ತಿದ್ದರು, ರಾತ್ರಿ ಶಾಲೆ ಎಲ್ಲಿದೆಯೆಂದು ತೋರಿಸುತ್ತಿದ್ದರು. ಹಾಗೆ ಯಾರೂ ಇಲ್ಲದವರು ಎಷ್ಟು ಮಂದಿ ಮರುಗಾಡಿಯಲ್ಲಿ ಹಿಂದಿರುಗಿದರೋ ಲೆಕ್ಕವಿಟ್ಟವರಿಲ್ಲ. ಎದುರು ಮನೆಯ ಹುಡುಗಿಗೂ ಆ ರಾತ್ರಿ ಬಾಗಿಲು ತಟ್ಟಲು ಒಂದು ಮನೆಯಿತ್ತು. ಎಲ್ಲರಿಗೂ ಎದುರು ಮನೆಯಿರುವುದಿಲ್ಲ. ಗೊತ್ತಿಲ್ಲದ ಯಾವುದೋ ಊರಿನಲ್ಲಿ, "ನನ್ನಿಂದ ಆಗುದಿಲ್ಲ ಕಾಣ್ತದೆ" ಎಂದುಕೊಂಡು ಒಬ್ಬರೇ ಕುಳಿತವರಿಗೆ ನೀವು ಬರೆದ ಪುಟವೇ ಆ ಊರಿನವರು.